ಲೈಸ್ ಸ್ಲೀಪಿಂಗ್: ಏಳನೇ ಪುಸ್ತಕಕ್ಕೆ ಕೈ ಹಾಕುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆನ್ ಆರೊನೊವಿಚ್ ಬರೆಯುವ, ಪೊಲೀಸ್ ಕೆಲಸ ಮತ್ತು ಮಂತ್ರ ಬೆರೆತ 'ರಿವರ್ಸ್ ಆಫ್ ಲಂಡನ್' ಸರಣಿಯ ಏಳನೇ ಕಾದಂಬರಿ 'ಲೈಸ್ ಸ್ಲೀಪಿಂಗ್'. 2018ರ ನವೆಂಬರ್‌ನಲ್ಲಿ ಬಂತು. ಸರಣಿ ಆಮೇಲೂ ಮುಂದುವರಿದಿದೆ, ಆದರೆ ಗೊಂದಲ ಜಾಸ್ತಿ ಇರುವುದು ಇದೊಂದರ ಬಗ್ಗೆಯೇ. ಹಳೇ ಪುಸ್ತಕದ ಅಂಗಡಿಯಲ್ಲಿ ಇದೊಂದೇ ಸಿಕ್ಕಿತು ಅನ್ನುವವರಿದ್ದಾರೆ. ಮೂರು ಓದಿ ನಿಲ್ಲಿಸಿದ್ದೆ, ಈಗ ಇದಕ್ಕೆ ಹಾರಬಹುದಾ ಅನ್ನುವವರಿದ್ದಾರೆ. ಆರನ್ನೂ ಓದಿ ಎಲ್ಲ ಮರೆತವರೂ ಇದ್ದಾರೆ. ಈ ಮೂರೂ ಗುಂಪಿನವರಿಗೆ ಇಲ್ಲಿ ಉತ್ತರ ಇದೆ. ಹಿಂದಿನ ಪುಸ್ತಕಗಳ ಗುಟ್ಟು ಬಿಡಬೇಕಾದ ಕಡೆ ಮೊದಲೇ ಎಚ್ಚರಿಸಿದ್ದೇನೆ. ಏಳನೆಯದರ ಕೊನೆ ಮಾತ್ರ ಎಲ್ಲೂ ಹೇಳಿಲ್ಲ.

ನೇರವಾಗಿ ಏಳನೆಯದರಿಂದಲೇ ಶುರು ಮಾಡಬಹುದಾ?

ಕಥೆ ಅರ್ಥವಾಗುತ್ತದೆ. ಆದರೆ ಮನಸ್ಸಿಗೆ ತಾಕುವುದಿಲ್ಲ. ಆದ್ದರಿಂದ ಬೇಡ ಅಂತಲೇ ನನ್ನ ಸಲಹೆ.

ಈ ಸರಣಿಯಲ್ಲಿ ಎರಡು ಥರದ ಪುಸ್ತಕಗಳಿವೆ. ಕೆಲವು ತಮ್ಮದೇ ಕೇಸು ಹಿಡಿದು, ತಮ್ಮಲ್ಲೇ ಮುಗಿಸುತ್ತವೆ. ಅವನ್ನು ಎಲ್ಲಿಂದ ಎತ್ತಿಕೊಂಡರೂ ನಡೆಯುತ್ತದೆ. 'ಲೈಸ್ ಸ್ಲೀಪಿಂಗ್' ಹಾಗಲ್ಲ. ಇದು ಹಳೇ ಬಾಕಿ ತೀರಿಸುವ ಪುಸ್ತಕ. ಮೊದಲ ಪುಟದಿಂದಲೇ ಯಾರೋ ಯಾರನ್ನೋ ಹುಡುಕುತ್ತಿದ್ದಾರೆ, ಯಾಕೆ ಅಷ್ಟು ಸಿಟ್ಟು ಅಂತ ನಿಮಗೆ ಗೊತ್ತಿರುವುದಿಲ್ಲ. ಲೇಖಕರು ಅಲ್ಲಲ್ಲಿ ಒಂದೊಂದು ಸಾಲಿನಲ್ಲಿ ಹಿಂದಿನದನ್ನು ನೆನಪಿಸುತ್ತಾರೆ, ನಿಜ. ಒಂದು ಸಾಲಿನಿಂದ ಮಾಹಿತಿ ಸಿಗುತ್ತದೆ, ಗೆಳೆತನ ಮುರಿದ ನೋವು ಸಿಗುವುದಿಲ್ಲ ಅಲ್ವಾ?

ಮಂತ್ರದ ನಿಯಮ ಗೊತ್ತಿಲ್ಲದೆ ಈ ಪುಸ್ತಕ ಓದಬಹುದು. ಲಂಡನ್ ಗೊತ್ತಿಲ್ಲದೆ ಓದಬಹುದು. ಕಥಾನಾಯಕನ ಜೊತೆ ಪೊಲೀಸ್ ಕೆಲಸಕ್ಕೆ ಸೇರಿದ ಲೆಸ್ಲಿ ಮೇ ಯಾರು ಅಂತ ಗೊತ್ತಿಲ್ಲದೆ ಓದಿದರೆ ಅರ್ಧ ಪುಸ್ತಕ ನಿಮ್ಮ ಕೈಗೆ ಬರುವುದೇ ಇಲ್ಲ. ಕೆಳಗಿನ ಉತ್ತರಗಳಲ್ಲಿ ಲೆಸ್ಲಿ ಮತ್ತೆ ಮತ್ತೆ ಬರುವುದು ಇದಕ್ಕೇ.

ಸರಣಿಯ ಪರಿಚಯವೇ ಇಲ್ಲ. ಎರಡು ಮಾತಿನಲ್ಲಿ ಹೇಳಿ.

ಪೀಟರ್ ಗ್ರಾಂಟ್ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್‌ನಲ್ಲಿ ಹೊಸ ಕಾನ್‌ಸ್ಟೇಬಲ್. ತಾಯಿ ಸಿಯೆರಾ ಲಿಯೋನ್‌ನವರು, ಕಚೇರಿಗಳನ್ನು ಕ್ಲೀನ್ ಮಾಡುವ ಕೆಲಸ. ತಂದೆ ಒಂದು ಕಾಲಕ್ಕೆ ಹೆಸರು ಮಾಡಿದ ಜಾಝ್ ಸಂಗೀತಗಾರ. ಪೀಟರ್‌ಗೆ ಕಾವಲು ಕೆಲಸದ ಒಂದು ರಾತ್ರಿ ಸಿಕ್ಕಿದ ಸಾಕ್ಷಿ ಸತ್ತು ನೂರಕ್ಕೂ ಹೆಚ್ಚು ವರ್ಷವಾದ ದೆವ್ವ. ಅಲ್ಲಿಂದ ಅವನು ಥಾಮಸ್ ನೈಟಿಂಗೇಲ್ ಎಂಬ ಇನ್‌ಸ್ಪೆಕ್ಟರ್ ಕಣ್ಣಿಗೆ ಬೀಳುತ್ತಾನೆ. ನೈಟಿಂಗೇಲ್ ಇಂಗ್ಲೆಂಡಿನಲ್ಲಿ ಅಧಿಕೃತವಾಗಿ ಉಳಿದಿರುವ ಕೊನೆಯ ಮಾಂತ್ರಿಕ. ಹುಟ್ಟಿದ್ದು 1900ರಲ್ಲಿ, ನೋಡಲು ನಲವತ್ತರ ಆಸುಪಾಸು. ರಸೆಲ್ ಸ್ಕ್ವೇರ್‌ನಲ್ಲಿರುವ 'ಫಾಲಿ' ಎಂಬ ಹಳೇ ಕಟ್ಟಡ ಇವರ ಕಚೇರಿ, ಮನೆ, ಪಾಠಶಾಲೆ ಎಲ್ಲಾ. ಅಲ್ಲಿ ಮಾತಾಡದ ಮೋಲಿ ಅಡುಗೆ ಮಾಡುತ್ತಾಳೆ, ಟೋಬಿ ಎಂಬ ನಾಯಿ ಅದನ್ನು ತಿನ್ನುತ್ತದೆ.

ಜಾದೂ ಶಾಲೆಯ ಕಥೆ ಅಂದುಕೊಂಡು ಬಂದರೆ ನಿರಾಸೆಯಾದೀತು. ಇದು ಮೊದಲು ಪೊಲೀಸ್ ಕಥೆ, ಆಮೇಲೆ ಮಂತ್ರದ ಕಥೆ. ಕೊಲೆ ಮಾಡಿದ್ದು ಭೂತವೇ ಆಗಿರಲಿ, ಹೇಳಿಕೆ ಬರೆದುಕೊಳ್ಳಲೇಬೇಕು.

ಓದುವ ಕ್ರಮ ಯಾವುದು?

ಕಾದಂಬರಿಗಳು ಬಂದ ಕ್ರಮವೇ ಓದುವ ಕ್ರಮ. 'ರಿವರ್ಸ್ ಆಫ್ ಲಂಡನ್' (2011), 'ಮೂನ್ ಓವರ್ ಸೋಹೊ' (2011), 'ವಿಸ್ಪರ್ಸ್ ಅಂಡರ್ ಗ್ರೌಂಡ್' (2012), 'ಬ್ರೋಕನ್ ಹೋಮ್ಸ್' (2013), 'ಫಾಕ್ಸ್‌ಗ್ಲವ್ ಸಮ್ಮರ್' (2014), 'ದಿ ಹ್ಯಾಂಗಿಂಗ್ ಟ್ರೀ' (2016), ಆಮೇಲೆ ನಮ್ಮ 'ಲೈಸ್ ಸ್ಲೀಪಿಂಗ್'.

ನಡುವೆ 2017ರಲ್ಲಿ 'ದಿ ಫರ್ದೆಸ್ಟ್ ಸ್ಟೇಷನ್' ಎಂಬ ಚಿಕ್ಕ ಪುಸ್ತಕ ಬಂತು. ಮೆಟ್ರೊಪಾಲಿಟನ್ ಲೈನ್ ರೈಲಿನಲ್ಲಿ ಕಾಣಿಸುವ ದೆವ್ವಗಳ ಕಥೆ. ಓದಿದರೆ ಖುಷಿ, ಬಿಟ್ಟರೂ ಏಳನೆಯದಕ್ಕೆ ತೊಂದರೆ ಇಲ್ಲ.

'ಮಿಡ್‌ನೈಟ್ ರಯಟ್' ಅನ್ನುವುದು ಬೇರೆ ಪುಸ್ತಕವಾ?

ಅಲ್ಲ. ಮೊದಲ ಕಾದಂಬರಿಗೆ ಅಮೆರಿಕದಲ್ಲಿ ಇಟ್ಟ ಹೆಸರು ಅದು. ಹೊರಗಿನಿಂದ ಬಂದ ಹಳೇ ಪ್ರತಿಗಳು ನಮ್ಮ ಅಂಗಡಿಗಳಲ್ಲಿ ಎರಡೂ ಹೆಸರಲ್ಲಿ ಸಿಗಬಹುದು. ಸುಮ್ನೆ ಎರಡೆರಡು ಸಲ ದುಡ್ಡು ಕೊಡಬೇಡಿ.

ಆರೂ ಓದುವಷ್ಟು ಸಮಯ ಇಲ್ಲ. ಕನಿಷ್ಠ ಯಾವುದು ಓದಿದರೆ ಸಾಕು?

ಮೂರು. ಒಂದು, ನಾಲ್ಕು, ಆರು.

ಒಂದನೆಯದು ಏಕೆಂದರೆ ಪೀಟರ್ ಮತ್ತು ಲೆಸ್ಲಿ ಅಲ್ಲಿ ಗೆಳೆಯರು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಒಬ್ಬರನ್ನೊಬ್ಬರು ಕಾಲೆಳೆಯುವವರು. ಅವಳೇ ಹೆಚ್ಚು ಚುರುಕಿನ ಪೊಲೀಸ್ ಅಂತ ಅವನೂ ಒಪ್ಪುತ್ತಾನೆ. ಆ ಸಲುಗೆ ನೋಡದೆ ಮುಂದಿನದು ಯಾವುದೂ ನೋಯಿಸುವುದಿಲ್ಲ. ಜೊತೆಗೆ ಇಂಗ್ಲೆಂಡಿನ ಹಳೇ ಬೊಂಬೆಯಾಟದ ಮಿಸ್ಟರ್ ಪಂಚ್ ಬರುವುದೂ ಅಲ್ಲೇ, ಅವನು ಏಳನೆಯದರಲ್ಲಿ ಮತ್ತೆ ಬರುತ್ತಾನೆ.

ನಾಲ್ಕನೆಯದು ಅದರ ಕೊನೆಯ ಪುಟಗಳಿಗಾಗಿ. ಆ ಕೊನೆಯನ್ನು ಮಾತ್ರ ತಿರುವಿ ನೋಡಿದರೆ ಆಗಲ್ವಾ ಅಂತ ಕೇಳಬೇಡಿ. ಎಲಿಫೆಂಟ್ ಅಂಡ್ ಕ್ಯಾಸಲ್ ಪ್ರದೇಶದ ಸ್ಕೈಗಾರ್ಡನ್ ಎಂಬ ಕಾಲ್ಪನಿಕ ಬಹುಮಹಡಿ ಕಟ್ಟಡದಲ್ಲಿ ಅವರಿಬ್ಬರೂ ಅಕ್ಕಪಕ್ಕದವರ ಜೊತೆ ಬೆರೆತು ದಿನ ಕಳೆಯುವುದನ್ನು ನೋಡಿದ ಮೇಲೇ ಆ ಪುಟಕ್ಕೆ ಬೆಲೆ. ಕಥೆ ಮಧ್ಯದಲ್ಲಿ ನಿಧಾನ, ಒಪ್ಪುತ್ತೇನೆ. ವಾಸ್ತುಶಿಲ್ಪದ ಬಗ್ಗೆ ಪೀಟರ್ ಕೊರೆಯುತ್ತಾನೆ. ಅವನಿಗೆ ಆರ್ಕಿಟೆಕ್ಟ್ ಆಗುವ ಆಸೆ ಇತ್ತು, ಚಿತ್ರ ಬರೆಯಲು ಬರದೆ ಪೊಲೀಸ್ ಆದವನು. ತಾಳ್ಮೆ ಇರಲಿ.

ಆರನೆಯದು ಏಕೆಂದರೆ ಅದರಲ್ಲಿ ಮುಖ್ಯ ವಿರೋಧಿ ಯಾರು ಅಂತ ಗೊತ್ತಾಗುತ್ತದೆ, ಏಳನೆಯದು ಅಲ್ಲಿಂದ ಎತ್ತಿಕೊಂಡು ಹೊರಡುತ್ತದೆ.

ಬಿಟ್ಟ ಮೂರರಲ್ಲಿ ಎರಡನೆಯದರ ಒಂದು ವಿಷಯ ಗೊತ್ತಿರಬೇಕು, ಅದನ್ನು ಕೆಳಗೆ ಹೇಳಿದ್ದೇನೆ. ಮೂರನೆಯದು ಬೇಕರ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ಒಬ್ಬ ಅಮೆರಿಕನ್ ವಿದ್ಯಾರ್ಥಿಯ ಕೊಲೆಯಿಂದ ಶುರುವಾಗಿ ಲಂಡನ್ನಿನ ನೆಲದಡಿಗೆ ಹೋಗುತ್ತದೆ. ಐದನೆಯದು ಪೀಟರ್‌ನನ್ನು ಹೆರಿಫರ್ಡ್‌ಶೈರ್‌ನ ಹಳ್ಳಿ ಕಡೆಗೆ ಕಳಿಸುತ್ತದೆ. ಕಾಣೆಯಾದ ಇಬ್ಬರು ಹುಡುಗಿಯರ ಕೇಸು. ನನಗೆ ಇಡೀ ಸರಣಿಯಲ್ಲಿ ತುಂಬಾ ಇಷ್ಟವಾದದ್ದು ಈ ಐದನೆಯದು. ಆದರೆ ಏಳನೆಯದಕ್ಕೆ ಸಿದ್ಧವಾಗಲು ಅದು ಬೇಕೇ ಬೇಕು ಅಂತ ಸುಳ್ಳು ಹೇಳಲಾರೆ.

ಮೊದಲು ಹಿಂಬದಿ ಮುಖಪುಟ ಓದಿ ನೋಡಲಾ?

ದಯವಿಟ್ಟು ಬೇಡ. ಏಳನೆಯದರ ಹಿಂಬದಿ ಬರಹ ಆರನೆಯದರ ಗುಟ್ಟನ್ನೂ ನಾಲ್ಕನೆಯದರ ಗುಟ್ಟನ್ನೂ ನಾಲ್ಕೈದು ಸಾಲಿನಲ್ಲಿ ಬಿಟ್ಟುಕೊಡುತ್ತದೆ. ತಪ್ಪು ಪ್ರಕಾಶಕರದ್ದಲ್ಲ. ಏಳನೆಯದನ್ನು ಮಾರಬೇಕಾದರೆ ಹಿಂದಿನದನ್ನು ಮುಚ್ಚಿಡಲು ಸಾಧ್ಯವೇ ಇಲ್ಲ. ಹಿಂದಿನ ಆರು ಓದದವರು ಪುಸ್ತಕವನ್ನು ಮಗುಚಿ ಇಡಬೇಡಿ, ಅಷ್ಟೇ. ಅಭಿಮಾನಿಗಳು ಮಾಡಿದ ವಿಕಿ ಪುಟಗಳೂ ಹಾಗೇ. ಪಾತ್ರದ ಹೆಸರು ಹುಡುಕಿದರೆ ಮೊದಲ ಸಾಲಿನಲ್ಲೇ ಅವರು ಬದುಕಿದ್ದಾರೋ ಇಲ್ಲವೋ ಅಂತ ಬರೆದಿರುತ್ತದೆ.

ಆರೂ ಓದಿದ್ದೇನೆ, ಆದರೆ ವರ್ಷಗಳಾದವು. ಏನು ನೆನಪಿಸಿಕೊಳ್ಳಬೇಕು?

ಇಲ್ಲಿಂದ ಮೂರು ಉತ್ತರಗಳಲ್ಲಿ ಮೊದಲ ಆರು ಪುಸ್ತಕಗಳ ಗುಟ್ಟುಗಳಿವೆ. ಹೊಸಬರು 'ನದಿಗಳು' ಅನ್ನುವ ಪ್ರಶ್ನೆಗೆ ಹಾರಿ.

ಲೆಸ್ಲಿಯಿಂದ ಶುರು ಮಾಡೋಣ. ಮೊದಲ ಪುಸ್ತಕದಲ್ಲಿ ಮಿಸ್ಟರ್ ಪಂಚ್ ಅವಳ ಮೈಮೇಲೆ ಬಂದು, ಬಿಟ್ಟು ಹೋಗುವಾಗ ಅವಳ ಮುಖ ಹಾಳಾಗುತ್ತದೆ. ಎರಡನೆಯದರಲ್ಲಿ ಅವಳು ಎಸೆಕ್ಸ್ ಕಡಲ ತೀರದ ತನ್ನ ಊರಿನಲ್ಲಿ, ಮುಖವಾಡ ಹಾಕಿಕೊಂಡು, ಗಾಯ ಮಾಯಲು ಕಾಯುತ್ತಾಳೆ. ಆ ಪುಸ್ತಕ ಮುಗಿಯುವಾಗ ಅವಳು ತಾನೇ ಬೆಳಕಿನ ಮಂತ್ರ ಕಲಿತಿರುತ್ತಾಳೆ. ಮೂರನೆಯದರಲ್ಲಿ ಫಾಲಿಗೆ ಬರುತ್ತಾಳೆ, ಪೀಟರ್ ಜೊತೆ ಕಲಿಯುತ್ತಾಳೆ. ನಾಲ್ಕನೆಯದರ ಕೊನೆಯಲ್ಲಿ ಬೆನ್ನ ಹಿಂದಿನಿಂದ ಪೀಟರ್‌ಗೆ ಟೇಸರ್ ಗನ್‌ನಿಂದ ಶಾಕ್ ಹೊಡೆದು, ಫೇಸ್‌ಲೆಸ್ ಮ್ಯಾನ್ ಎಂಬ ಶತ್ರುವಿನ ಕಡೆ ಹೋಗುತ್ತಾಳೆ.

ಯಾಕೆ? ಮುಖ ವಾಪಸ್ ಬೇಕಿತ್ತು. ವೈದ್ಯರು ಕೊಡಲಾಗಲಿಲ್ಲ, ನೈಟಿಂಗೇಲ್ ಕೊಡಲಾಗಲಿಲ್ಲ, ಶತ್ರು ಕೊಡುತ್ತೇನೆ ಅಂದ. ಆರನೆಯದರಲ್ಲಿ ಅವಳು ಸರಿಯಾದ ಮುಖದೊಂದಿಗೆ ಎದುರಾಗುತ್ತಾಳೆ. ಇದನ್ನು ಬರೀ ಆಸೆ ಅನ್ನುವುದು ಸುಲಭ. ನನಗಂತೂ ಹಾಗೆ ಅನ್ನಿಸಿಲ್ಲ. ದಿನಾ ಬೀದಿಯಲ್ಲಿ ಮಕ್ಕಳು ಹೆದರಿ ಮುಖ ತಿರುಗಿಸುವ ಹೆಣ್ಣುಮಗಳಿಗೆ ನೀತಿಪಾಠ ಹೇಳಲು ಯಾರಿಗೆ ಬಾಯಿ ಬಂದೀತು? ಲೇಖಕರೂ ಹೇಳುವುದಿಲ್ಲ. ಪೀಟರ್‌ಗೆ ಸಿಟ್ಟು ಇದೆ, ಆದರೆ ಅವಳ ಜಾಗದಲ್ಲಿ ತಾನಿದ್ದರೆ ಅನ್ನುವ ಅನುಮಾನವೂ ಒಳಗೇ ಕೊರೆಯುತ್ತಿರುತ್ತದೆ. ಏಳನೆಯದರ ಒಳ್ಳೆಯ ಪುಟಗಳೆಲ್ಲ ಈ ಅನುಮಾನದಿಂದಲೇ ಹುಟ್ಟಿದವು.

ಫೇಸ್‌ಲೆಸ್ ಮ್ಯಾನ್ ಯಾರು? ಇಬ್ಬರಿದ್ದರು ಅಲ್ವಾ?

ಹೌದು, ಇಬ್ಬರು. ಇಲ್ಲೇ ಜನ ಎಡವುವುದು.

1945ರಲ್ಲಿ ಎಟ್ಟರ್ಸ್‌ಬರ್ಗ್ ಎಂಬಲ್ಲಿ ನಾಜಿಗಳ ಮೇಲೆ ನಡೆದ ದಾಳಿಯಲ್ಲಿ ಬ್ರಿಟಿಷ್ ಮಾಂತ್ರಿಕರು ಹೆಚ್ಚಿನವರು ಸತ್ತರು ಅಂತ ಸರಣಿ ಹೇಳುತ್ತದೆ. ಎಟ್ಟರ್ಸ್‌ಬರ್ಗ್ ನಿಜವಾದ ಜಾಗ, ಜರ್ಮನಿಯ ವೈಮಾರ್ ಪಕ್ಕದ ಬೆಟ್ಟ. ಬುಖೆನ್‌ವಾಲ್ಡ್ ಯಾತನಾ ಶಿಬಿರ ಇದ್ದದ್ದು ಅಲ್ಲೇ. ಉಳಿದವರು ಮಂತ್ರ ಬಿಟ್ಟರು, ಹೊಸಬರಿಗೆ ಕಲಿಸಬಾರದು ಅಂತ ಒಪ್ಪಿಕೊಂಡರು. ಆಕ್ಸ್‌ಫರ್ಡ್‌ನಲ್ಲಿದ್ದ ಜೆಫ್ರಿ ವೀಟ್‌ಕ್ರಾಫ್ಟ್ ಎಂಬ ಒಬ್ಬ ಮಾತ್ರ ಆ ಮಾತು ಮುರಿದ. 'ಲಿಟಲ್ ಕ್ರೊಕೊಡೈಲ್ಸ್' ಎಂಬ ಊಟದ ಕ್ಲಬ್ಬಿನ ಹುಡುಗರಿಗೆ ಗುಟ್ಟಾಗಿ ಕಲಿಸಿದ. ಎರಡನೇ ಪುಸ್ತಕದಿಂದ ನೆನಪಿರಬೇಕಾದ ವಿಷಯ ಇದೊಂದೇ.

ಆ ಹುಡುಗರಲ್ಲಿ ಒಬ್ಬ ಮೊದಲ ಫೇಸ್‌ಲೆಸ್ ಮ್ಯಾನ್ ಆದ. ಅವನ ಗರಡಿಯಲ್ಲಿ ಪಳಗಿದವನು ಎರಡನೆಯವನು. ಪೀಟರ್ ಎದುರು ನಿಲ್ಲುವುದು ಈ ಎರಡನೆಯವನೇ. ಮಂತ್ರದಿಂದ ಮುಖ ಕಾಣದ ಹಾಗೆ ಮಾಡಿಕೊಂಡಿರುತ್ತಾನೆ, ಅದಕ್ಕೇ ಆ ಹೆಸರು. ಆರನೆಯದರಲ್ಲಿ ಅವನು ಮಾರ್ಟಿನ್ ಚೋರ್ಲಿ ಅಂತ ಬಯಲಾಗುತ್ತದೆ. ದುಡ್ಡು, ಓದು, ರಾಜಕೀಯದವರ ಪರಿಚಯ ಎಲ್ಲಾ ಇರುವ ಮನುಷ್ಯ. ಏಳನೆಯದು ಶುರುವಾಗುವಾಗ ಅವನು ತಲೆಮರೆಸಿಕೊಂಡಿದ್ದಾನೆ, ಇಡೀ ಪೊಲೀಸ್ ಇಲಾಖೆ ಅವನ ಹಿಂದೆ ಬಿದ್ದಿದೆ.

ಓಡಿಹೋಗುತ್ತಿರುವವನು ಹೆದರಿಲ್ಲ, ಏನೋ ಕಟ್ಟುತ್ತಿದ್ದಾನೆ ಅನ್ನುವುದು ಪೀಟರ್‌ಗೆ ನಿಧಾನವಾಗಿ ಹೊಳೆಯುತ್ತದೆ. ಅದರ ಬೇರು ಲಂಡನ್ನಿನ ಎರಡು ಸಾವಿರ ವರ್ಷದ ಇತಿಹಾಸದಲ್ಲಿದೆ. ರೋಮನ್ನರು ಕಟ್ಟಿದ ಲೊಂಡಿನಿಯಂ ಅನ್ನು ಕ್ರಿ.ಶ. 60–61ರ ಹೊತ್ತಿಗೆ ಬೌಡಿಕಾ ರಾಣಿಯ ಸೈನ್ಯ ಸುಟ್ಟುಹಾಕಿತು. ಇವತ್ತಿಗೂ ಲಂಡನ್ ನಗರದ ಹಳೇ ಭಾಗದಲ್ಲಿ ಆಳಕ್ಕೆ ಅಗೆದರೆ ಆ ಬೆಂಕಿಯ ಕೆಂಪು ಪದರ ಸಿಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು. ಮುಂದಿನದು ಪುಸ್ತಕದಲ್ಲೇ ಇರಲಿ.

ಮಿಸ್ಟರ್ ಪಂಚ್ ಅಂದರೆ ಬೊಂಬೆ ಅಲ್ವಾ? ಅದಕ್ಕೆ ಯಾಕೆ ಹೆದರಬೇಕು?

ಇಂಗ್ಲೆಂಡಿನಲ್ಲಿ ಬೆಳೆದವರಿಗೆ ಪಂಚ್ ಬಾಲ್ಯದ ಬೊಂಬೆ. ನಮಗೆ ಆ ನೆನಪಿಲ್ಲ, ಹಾಗಾಗಿ ಸ್ವಲ್ಪ ಹೇಳಬೇಕು.

ಪುಲ್ಚಿನೆಲ್ಲಾ ಎಂಬ ಇಟಲಿಯ ನಾಟಕದ ಪಾತ್ರ ಇಂಗ್ಲೆಂಡಿಗೆ ಬಂದು ಪಂಚ್ ಆಯಿತು. ಸ್ಯಾಮ್ಯುಯಲ್ ಪೀಪ್ಸ್ ಎಂಬ ಪ್ರಸಿದ್ಧ ದಿನಚರಿಕಾರ 1662ರ ಮೇ 9ರಂದು ಕೊವೆಂಟ್ ಗಾರ್ಡನ್‌ನಲ್ಲಿ ಈ ಬೊಂಬೆಯಾಟ ನೋಡಿದೆ ಅಂತ ಬರೆದಿಟ್ಟಿದ್ದಾನೆ. ಆಟದ ಕಥೆ ಕೇಳಿದರೆ ಮಕ್ಕಳಿಗೆ ತೋರಿಸುವುದಾ ಅನ್ನಿಸುತ್ತದೆ. ಪಂಚ್ ತನ್ನ ಮಗುವನ್ನು ಎಸೆಯುತ್ತಾನೆ, ಹೆಂಡತಿ ಜೂಡಿಯನ್ನು ದೊಣ್ಣೆಯಿಂದ ಹೊಡೆದು ಕೊಲ್ಲುತ್ತಾನೆ, ಪೊಲೀಸನನ್ನು ಬಡಿಯುತ್ತಾನೆ, ಗಲ್ಲಿಗೇರಿಸಲು ಬಂದವನನ್ನೇ ಅವನ ಹಗ್ಗದಲ್ಲಿ ನೇಣು ಹಾಕುತ್ತಾನೆ. ಎಲ್ಲರೂ ನಗುತ್ತಾರೆ. ಮೊದಲ ಪುಸ್ತಕದ ಕೊಲೆಗಳು ಈ ಆಟದ ಸಾಲನ್ನೇ ಹಿಡಿದು ನಡೆಯುತ್ತವೆ. ಅದರ ಶುರು ಕೊವೆಂಟ್ ಗಾರ್ಡನ್‌ನ ಸೇಂಟ್ ಪಾಲ್ಸ್ ಚರ್ಚಿನ ಎದುರು, ಪೀಪ್ಸ್ ಬೊಂಬೆಯಾಟ ನೋಡಿದ ಜಾಗದ ಪಕ್ಕದಲ್ಲೇ.

ಸರಣಿಯಲ್ಲಿ ಪಂಚ್ ಗಲಭೆಯ, ದಂಗೆಯ ಆತ್ಮ. ಏಳನೆಯದರಲ್ಲಿ ಅವನು ಬರೀ ರಾಕ್ಷಸನಾಗಿ ಉಳಿಯುವುದಿಲ್ಲ. ಮೊದಲ ಪುಸ್ತಕವನ್ನು ಈ ಕಾರಣಕ್ಕಾದರೂ ಓದಿಕೊಂಡು ಬನ್ನಿ.

ನದಿಗಳು ಮನುಷ್ಯರಾಗಿ ಬರುತ್ತವೆ ಅಂತಾರೆ. ಅದು ಹೇಗೆ?

ಗುಟ್ಟಿನ ಭಾಗ ಮುಗಿಯಿತು, ಹೊಸಬರು ಇಲ್ಲಿಂದ ಓದಬಹುದು.

ನದಿಯನ್ನು ತಾಯಿ ಅಂತ ಕರೆದು, ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ನಿನ ಪ್ರತಿ ನದಿಗೂ ಇಲ್ಲಿ ಒಬ್ಬ ದೇವಿ ಅಥವಾ ದೇವ ಇದ್ದಾರೆ. ಥೇಮ್ಸ್‌ಗೆ ಇಬ್ಬರು. ಟೆಡಿಂಗ್ಟನ್ ಲಾಕ್ ಅನ್ನುವಲ್ಲಿಗೆ ಸಮುದ್ರದ ಉಬ್ಬರ ನಿಲ್ಲುತ್ತದೆ. ಅದರ ಮೇಲಿನ ನದಿ ಫಾದರ್ ಥೇಮ್ಸ್‌ದು, ಕೆಳಗಿನದು ಮಾಮಾ ಥೇಮ್ಸ್‌ದು. ಮಾಮಾ ಅಂದರೆ ಇಲ್ಲಿ ಅಮ್ಮ, ಸೋದರಮಾವ ಅಲ್ಲ!

ಗಡಿ ಹೀಗೆ ಬಿದ್ದದ್ದಕ್ಕೆ ನಿಜವಾದ ಇತಿಹಾಸ ಇದೆ. 1858ರ ಬೇಸಿಗೆಯಲ್ಲಿ ಥೇಮ್ಸ್ ಚರಂಡಿಯಾಗಿ, ನಾತ ತಡೆಯದೆ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಸುಣ್ಣದಲ್ಲಿ ಅದ್ದಿ ಕಟ್ಟಿದರು. ಆ ವರ್ಷಕ್ಕೆ 'ಗ್ರೇಟ್ ಸ್ಟಿಂಕ್' ಅಂತಲೇ ಹೆಸರು. ಆಮೇಲೆ ಜೋಸೆಫ್ ಬಜಲ್ಜೆಟ್ ಎಂಬ ಎಂಜಿನಿಯರ್ ಊರಡಿ ದೊಡ್ಡ ಒಳಚರಂಡಿ ಕಟ್ಟಿದರು. ಕಥೆಯಲ್ಲಿ ಆ ಕೊಳೆಯನ್ನು ಸಹಿಸದೆ ಫಾದರ್ ಥೇಮ್ಸ್ ಊರು ಬಿಟ್ಟು ಮೇಲಕ್ಕೆ ಹೋಗುತ್ತಾನೆ. ಖಾಲಿ ಬಿದ್ದ ಗದ್ದುಗೆಗೆ ಸುಮಾರು ನೂರು ವರ್ಷದ ನಂತರ ಬಂದವಳು ನರ್ಸಿಂಗ್ ಓದಲು ನೈಜೀರಿಯಾದಿಂದ ಬಂದು, ಬದುಕು ಬೇಸರವಾಗಿ ನದಿಗೆ ಇಳಿದ ಒಬ್ಬ ಹುಡುಗಿ. ಅವಳೇ ಈಗ ಮಾಮಾ ಥೇಮ್ಸ್. ಇಡೀ ಸರಣಿಯಲ್ಲಿ ಇದಕ್ಕಿಂತ ಚೆನ್ನಾದ ಕಲ್ಪನೆ ನನಗೆ ಸಿಕ್ಕಿಲ್ಲ. ವೃಷಭಾವತಿಯ ದಡದಲ್ಲಿ ಮೂಗು ಮುಚ್ಚಿಕೊಂಡು ಓಡಾಡುವ ಬೆಂಗಳೂರಿನವರಿಗೆ ಇದು ಇನ್ನೂ ಚೆನ್ನಾಗಿ ತಟ್ಟುತ್ತದೆ.

ಅವಳ ಮಕ್ಕಳು ಟೈಬರ್ನ್, ಫ್ಲೀಟ್, ಎಫ್ರಾ, ಬೆವರ್ಲಿ ಬ್ರೂಕ್ ಮುಂತಾದವರು. ಎಲ್ಲವೂ ನಿಜವಾದ ಹೊಳೆಗಳು. ಫ್ಲೀಟ್ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಹುಟ್ಟಿ, ರಸ್ತೆಗಳ ಅಡಿಯಲ್ಲೇ ಹರಿದು, ಬ್ಲ್ಯಾಕ್‌ಫ್ರಯರ್ಸ್ ಬಳಿ ಥೇಮ್ಸ್ ಸೇರುತ್ತದೆ. ಫ್ಲೀಟ್ ಸ್ಟ್ರೀಟ್‌ಗೆ ಹೆಸರು ಬಂದದ್ದು ಅದರಿಂದ. ಟೈಬರ್ನ್ ಹೆಸರಿನ ಗಲ್ಲುಗಂಬದಲ್ಲಿ 1783ರವರೆಗೆ ಜನರನ್ನು ಬಹಿರಂಗವಾಗಿ ನೇಣಿಗೆ ಹಾಕುತ್ತಿದ್ದರು. ಆ ಹೊಳೆಯ ದೇವಿ ಯಾಕೆ ಅಷ್ಟು ಬಿಗಿ ಮುಖದವಳು ಅಂತ ಕೇಳುವ ಅಗತ್ಯ ಇಲ್ಲ. ಬೆವರ್ಲಿ ಬ್ರೂಕ್ ಇವತ್ತಿಗೂ ತೆರೆದ ಬಿಸಿಲಲ್ಲಿ, ರಿಚ್‌ಮಂಡ್ ಪಾರ್ಕ್ ನಡುವೆ ಹರಿಯುತ್ತದೆ. ಕಥೆಯಲ್ಲಿ ಅವಳು ಪೀಟರ್‌ನ ಪ್ರೇಯಸಿ.

ಮಂತ್ರದ ಲೆಕ್ಕಾಚಾರ ತಲೆಗೆ ಹೋಗುತ್ತಿಲ್ಲ.

ಹೋಗದಿದ್ದರೂ ನಡೆಯುತ್ತದೆ. ಮಂತ್ರವನ್ನು ಶಾಸ್ತ್ರವಾಗಿ ಬರೆದಿಟ್ಟವನು ಐಸಾಕ್ ನ್ಯೂಟನ್ ಅನ್ನುವುದು ಕಥೆಯ ಊಹೆ, ಅದಕ್ಕೇ ಪಾಠವೆಲ್ಲ ಲ್ಯಾಟಿನ್‌ನಲ್ಲಿ. ಮನಸ್ಸಿನಲ್ಲಿ ಒಂದು ಆಕಾರ ಹಿಡಿಯುವುದಕ್ಕೆ 'ಫೋರ್ಮಾ' ಅನ್ನುತ್ತಾರೆ. ಮಂತ್ರ ನಡೆದ ಜಾಗದಲ್ಲಿ ಉಳಿಯುವ ವಾಸನೆ, ಸದ್ದು, ನೆನಪಿನಂಥ ಗುರುತಿಗೆ 'ವೆಸ್ಟಿಜಿಯಂ'. ಎರಡು ಅಪಾಯ ನೆನಪಿಟ್ಟುಕೊಳ್ಳಿ. ಹತ್ತಿರದಲ್ಲಿ ಮಂತ್ರ ಹಾಕಿದರೆ ಫೋನಿನ ಚಿಪ್ ಪುಡಿಯಾಗುತ್ತದೆ, ಅದಕ್ಕೆ ಪೀಟರ್ ಯಾವಾಗಲೂ ಫೋನ್ ಆಫ್ ಮಾಡುವ ಆತುರದಲ್ಲಿರುತ್ತಾನೆ. ಅತಿಯಾಗಿ ಹಾಕಿದರೆ ಮಿದುಳೇ ಹಾಳಾಗುತ್ತದೆ.

ಪೊಲೀಸ್ ಕೆಲಸದ ವಿವರ ಯಾಕೆ ಇಷ್ಟೊಂದು?

ಅದೇ ಈ ಸರಣಿಯ ರುಚಿ, ಏಳನೆಯದರಲ್ಲಿ ಅದು ಅತಿ ಗಾಢ. ಹಿಂದಿನ ಪುಸ್ತಕಗಳಲ್ಲಿ ಪೀಟರ್ ಮತ್ತು ನೈಟಿಂಗೇಲ್ ಇಬ್ಬರೇ ಓಡಾಡುತ್ತಿದ್ದರು. ಇಲ್ಲಿ ಡಜನ್‌ಗಟ್ಟಲೆ ಅಧಿಕಾರಿಗಳ ದೊಡ್ಡ ಕಾರ್ಯಾಚರಣೆ. ದಿನಾ ಬೆಳಗ್ಗೆ ಮೀಟಿಂಗ್, ಕಾಫಿ, ಓವರ್‌ಟೈಮ್ ಲೆಕ್ಕ.

ಪದೇ ಪದೇ ಬರುವ 'ಹೋಮ್ಸ್' ಪತ್ತೇದಾರನ ಹೆಸರಲ್ಲ. ಅದು ಬ್ರಿಟಿಷ್ ಪೊಲೀಸರು ದೊಡ್ಡ ಕೇಸುಗಳಿಗೆ ಬಳಸುವ ಕಂಪ್ಯೂಟರ್ ವ್ಯವಸ್ಥೆ. ಯಾರ್ಕ್‌ಶೈರ್ ರಿಪ್ಪರ್ ಎಂಬ ಸರಣಿ ಕೊಲೆಗಾರನ ತನಿಖೆಯಲ್ಲಿ ಲಕ್ಷಾಂತರ ಕಾಗದದ ಕಾರ್ಡುಗಳ ನಡುವೆ ಸುಳಿವುಗಳು ಕಳೆದುಹೋದವು. ಅವನನ್ನು ಎಷ್ಟೋ ಸಲ ಪ್ರಶ್ನಿಸಿ ಬಿಟ್ಟುಕಳಿಸಿದ್ದರು. ಆ ಅವಮಾನದಿಂದ 1980ರ ದಶಕದಲ್ಲಿ ಇದು ಹುಟ್ಟಿತು. ಕಥೆಯಲ್ಲಿ 'ಆ್ಯಕ್ಷನ್' ಅಂದರೆ ಹೊಡೆದಾಟ ಅಲ್ಲ, ಒಬ್ಬ ಅಧಿಕಾರಿಗೆ ಹಂಚಿದ ಒಂದು ಕೆಲಸ. 'ಫಾಲ್ಕನ್' ಅಂದರೆ ಮಂತ್ರಕ್ಕೆ ಸಂಬಂಧಪಟ್ಟ ಕೇಸು. 'ಗವ್' ಅಂದರೆ ಮೇಲಧಿಕಾರಿ, ನಮ್ಮ ಠಾಣೆಗಳ 'ಸಾರ್' ಇದ್ದಂತೆ.

ಹೆಸರುಗಳು ಜಾಸ್ತಿ ಆಯಿತು. ಯಾರನ್ನು ಗಮನದಲ್ಲಿಡಬೇಕು?

ಸಹ್ರಾ ಗುಲೀದ್. ಸೊಮಾಲಿ ಮೂಲದ, ಹಿಜಾಬ್ ಹಾಕುವ ಅಧಿಕಾರಿ. ಏಳನೆಯದರಲ್ಲಿ ಪೀಟರ್ ಪಕ್ಕದಲ್ಲಿ ಇರುವವಳು ಅವಳೇ. ಒಂದು ಕಾಲಕ್ಕೆ ಲೆಸ್ಲಿ ನಿಂತಿದ್ದ ಜಾಗ ಅದು, ಇಬ್ಬರಿಗೂ ಅದು ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸೀವೊಲ್ ಮತ್ತು ಸ್ಟೆಫನೊಪುಲಸ್ ಮೇಲಧಿಕಾರಿಗಳು. ಮೊದಲನೆಯವರು ಉತ್ತರ ಇಂಗ್ಲೆಂಡಿನ ಒರಟು ಮಾತಿನವರು, ಎರಡನೆಯವರನ್ನು ಕಂಡರೆ ಎಲ್ಲರೂ ನಡುಗುತ್ತಾರೆ. ಡಾಕ್ಟರ್ ವಾಲಿದ್ ಹೆಣ ಕೊಯ್ದು ಮಿದುಳು ನೋಡುವವರು, ಸ್ಕಾಟ್ಲೆಂಡಿನವರು. ಅಬಿಗೇಲ್ ಪೀಟರ್‌ನ ಸಂಬಂಧಿ ಹುಡುಗಿ, ತುಂಬಾ ಪ್ರಶ್ನೆ ಕೇಳುತ್ತಾಳೆ. ಉಳಿದವರು ಬಂದಾಗ ಬರಲಿ, ಹೋದಾಗ ಹೋಗಲಿ.

ಇಂಗ್ಲಿಷ್ ಕಷ್ಟವಾ?

ವಾಕ್ಯಗಳು ಸುಲಭ. ಪೀಟರ್ ತಾನೇ ಕಥೆ ಹೇಳುತ್ತಾನೆ, ಮಾತಾಡಿದ ಹಾಗೇ ಇದೆ. ವ್ಯಾಕರಣವನ್ನೂ ಬೇಕೆಂದೇ ಬೀದಿ ಮಾತಿನ ಹಾಗೆ ಬಿಟ್ಟಿದ್ದಾನೆ. ಕಷ್ಟ ಬರುವುದು ತಮಾಷೆಯಲ್ಲಿ. ಹಳೇ ಬ್ರಿಟಿಷ್ ಟಿವಿ ಕಾರ್ಯಕ್ರಮ, ಫುಟ್‌ಬಾಲ್ ತಂಡ, ಲಂಡನ್ನಿನ ಬಡಾವಣೆಗಳ ಮೇಲರಿಮೆ ಕೀಳರಿಮೆ, ಎಲ್ಲದರ ಮೇಲೂ ಒಂದು ಚುಚ್ಚುಮಾತು ಇರುತ್ತದೆ. ಎಲ್ಲವನ್ನೂ ಹುಡುಕಿ ನೋಡುತ್ತಾ ಕೂತರೆ ಕಥೆ ಓಡುವುದಿಲ್ಲ. ಹತ್ತರಲ್ಲಿ ಆರಕ್ಕೆ ನಗು ಬಂದರೆ ಸಾಕು. ಪಕ್ಕದಲ್ಲಿ ಲಂಡನ್ನಿನ ಒಂದು ನಕ್ಷೆ ಇಟ್ಟುಕೊಂಡರೆ ಮಾತ್ರ ಉಪಯೋಗ ಇದೆ. ಪೀಟರ್ ಹೇಳುವ ರಸ್ತೆಗಳು ಬಹುಪಾಲು ನಿಜವಾದವು.

ಆಡಿಯೊದಲ್ಲಿ ಕೇಳಿದರೆ?

ಕೊಬ್ನಾ ಹೋಲ್ಡ್‌ಬ್ರೂಕ್-ಸ್ಮಿತ್ ಓದಿದ್ದಾರೆ. ಸ್ಕಾಟಿಷ್, ನೈಜೀರಿಯನ್, ಉತ್ತರ ಇಂಗ್ಲೆಂಡ್, ಹಳೇ ಕಾಲದ ಮೇಲ್ವರ್ಗ, ಪ್ರತಿ ಪಾತ್ರಕ್ಕೂ ಅದರ ಧ್ವನಿ. ಮುದ್ರಿತ ಪುಸ್ತಕಕ್ಕಿಂತ ಇದನ್ನೇ ಇಷ್ಟಪಡುವವರು ಬಹಳ. ಆದರೆ ಏಳನೆಯದನ್ನು ಮೊದಲ ಸಲವೇ ಕೇಳಿದರೆ ಹೆಸರುಗಳು ಕೈತಪ್ಪುತ್ತವೆ. ಹಿಂದಕ್ಕೆ ಪುಟ ತಿರುವುವ ಸೌಲಭ್ಯ ಕಿವಿಗೆ ಇಲ್ಲ. ಮೊದಲು ಓದಿ, ಆಮೇಲೆ ಕೇಳಿ.

ಮಕ್ಕಳಿಗೆ ಕೊಡಬಹುದಾ?

ಹೈಸ್ಕೂಲು ಮುಗಿಸಿದವರಿಗೆ ಕೊಡಬಹುದು. ರಕ್ತ ಇದೆ, ಕೆಟ್ಟ ಬೈಗುಳ ಇದೆ, ಪ್ರೇಮದ ಸನ್ನಿವೇಶಗಳೂ ಇವೆ. ಅದಕ್ಕಿಂತ ಚಿಕ್ಕವರಿದ್ದರೆ 2021ರ 'ವಾಟ್ ಅಬಿಗೇಲ್ ಡಿಡ್ ದಟ್ ಸಮ್ಮರ್' ನೋಡಿ. ಹ್ಯಾಂಪ್‌ಸ್ಟೆಡ್ ಹೀತ್, ಮಾತಾಡುವ ನರಿಗಳು, ಹದಿಮೂರು ವರ್ಷದ ಜಾಣೆ ಹುಡುಗಿ. ನನಗೂ ಅದು ತುಂಬಾ ಹಿಡಿಸಿತು.

ನಿಜ ಹೇಳಿ, ಏಳನೆಯದು ಚೆನ್ನಾಗಿದೆಯಾ?

ಚೆನ್ನಾಗಿದೆ, ತಕರಾರುಗಳೂ ಇವೆ. ಮೊದಲ ಮೂರನೇ ಒಂದು ಭಾಗ ತೀರಾ ಚದುರಿದೆ. ಸುಳಿವುಗಳು ಬರುತ್ತವೆ, ಒಂದಕ್ಕೊಂದು ತಳಕು ಬೀಳಲು ಹೊತ್ತಾಗುತ್ತದೆ. ಮುಖ್ಯ ವಿರೋಧಿಯ ಆಸೆ ಏನು ಅನ್ನುವುದು ಬೇಗ ಗೊತ್ತಾಗಿದ್ದರೆ ಅವನ ಬಗ್ಗೆ ಭಯ ಜಾಸ್ತಿ ಆಗುತ್ತಿತ್ತು. ಅವನಿಗಿಂತ ಅವನ ಸುತ್ತ ಇರುವವರೇ ಚೆನ್ನಾಗಿ ಮೂಡಿದ್ದಾರೆ. ನೈಟಿಂಗೇಲ್ ಇನ್ನಷ್ಟು ಹೊತ್ತು ಕಾಣಿಸಬೇಕಿತ್ತು ಅನ್ನಿಸಿತು, ಆದರೆ ಈ ದೂರು ಪ್ರತಿ ಪುಸ್ತಕಕ್ಕೂ ಇದೆ.

ಮಧ್ಯದಲ್ಲಿ ಪೀಟರ್ ಒಂಟಿಯಾಗಿ ಒಂದು ಕಡೆ ಸಿಕ್ಕಿಬೀಳುವ ಭಾಗ ಬರುತ್ತದೆ. ಓಟ ನಿಲ್ಲುತ್ತದೆ, ಪೊಲೀಸ್ ಇಲಾಖೆ ಇಲ್ಲ, ಮಂತ್ರವೂ ಇಲ್ಲ. ಮಾತು ಮತ್ತು ಸೌಜನ್ಯ, ಇವೆರಡೇ ಅವನ ಕೈಯಲ್ಲಿ ಉಳಿದ ಆಯುಧ. ಪೀಟರ್ ಒಳ್ಳೆಯ ಮಾಂತ್ರಿಕನಲ್ಲ, ಒಳ್ಳೆಯ ಪೊಲೀಸ್ ಯಾಕೆ ಅಂತ ಅಲ್ಲಿ ಕಾಣುತ್ತದೆ. ಆ ಅಧ್ಯಾಯಗಳಿಗಾಗಿ ಮೊದಲ ಭಾಗದ ಗೋಜಲನ್ನು ನಾನು ಕ್ಷಮಿಸಿದ್ದೇನೆ.

ಸ್ವತಂತ್ರವಾಗಿ ಓದಬಹುದಾದ ಪುಸ್ತಕವೇ ಬೇಕು. ಯಾವುದು?

'ದಿ ಅಕ್ಟೋಬರ್ ಮ್ಯಾನ್' (2019). ಪೀಟರ್ ಇಲ್ಲ, ಲಂಡನ್ ಇಲ್ಲ. ಜರ್ಮನಿಯ ಟ್ರಿಯರ್ ಊರು, ದ್ರಾಕ್ಷಿ ತೋಟಗಳು, ಟೋಬಿಯಾಸ್ ವಿಂಟರ್ ಎಂಬ ಬೇರೆಯೇ ಅಧಿಕಾರಿ. ಚಿಕ್ಕದು, ಅದರಲ್ಲೇ ಮುಗಿಯುತ್ತದೆ. 'ದಿ ಮಾಸ್ಕರೇಡ್ಸ್ ಆಫ್ ಸ್ಪ್ರಿಂಗ್' (2024) ಕೂಡ ಹಾಗೇ, 1920ರ ದಶಕದ ನ್ಯೂಯಾರ್ಕ್ ಮತ್ತು ಯುವಕ ನೈಟಿಂಗೇಲ್.

ಕಾಮಿಕ್‌ಗಳನ್ನು ಓದಬೇಕಾ?

ಕಡ್ಡಾಯ ಅಲ್ಲ. 2015ರ 'ಬಾಡಿ ವರ್ಕ್' ಇಂದ ಶುರುವಾಗಿ ಹಲವು ಬಂದಿವೆ, ಕಾದಂಬರಿಗಳ ನಡುವಿನ ಸಂದಿಗಳಲ್ಲಿ ನಡೆಯುವ ಕೇಸುಗಳು. ಏಳನೆಯದರಲ್ಲಿ ಎಲ್ಲೋ ಒಂದು ಮಾತು ಅರ್ಥವಾಗದಿದ್ದರೆ ಅದು ಅಲ್ಲಿಂದ ಬಂದದ್ದಿರಬಹುದು. ತಲೆ ಕೆಡಿಸಿಕೊಳ್ಳಬೇಡಿ.

ಏಳನೆಯದು ಮುಗಿಸಿದೆ. ತಕ್ಷಣ ಎಂಟನೆಯದಾ?

ಅವಸರ ಇಲ್ಲ. ಏಳನೆಯದರಲ್ಲಿ ದೊಡ್ಡ ಕಥೆಯ ಒಂದು ಸುತ್ತು ಮುಗಿಯುತ್ತದೆ, ಕುತ್ತಿಗೆ ಹಿಡಿದು ಮುಂದಿನದಕ್ಕೆ ತಳ್ಳುವುದಿಲ್ಲ. ಎಂಟನೆಯ 'ಫಾಲ್ಸ್ ವ್ಯಾಲ್ಯೂ' (2020) ಲಂಡನ್ನಿನ ಒಂದು ಟೆಕ್ ಕಂಪನಿಯಲ್ಲಿ ನಡೆಯುತ್ತದೆ. ಐಡಿ ಕಾರ್ಡ್ ನೇತುಹಾಕಿಕೊಂಡು ಕೆಲಸಕ್ಕೆ ಹೋಗುವ ಬೆಂಗಳೂರಿಗರಿಗೆ ಅದರ ಅರ್ಧ ತಮಾಷೆ ವಿವರಣೆ ಇಲ್ಲದೆ ಸಿಗುತ್ತದೆ. ಹಿಂದಿನದು ಓದದವರಿಗೂ ಏಳನೆಯದಕ್ಕಿಂತ ಅದು ಸುಲಭದ ಬಾಗಿಲು. ಒಂಬತ್ತನೆಯದು 'ಅಮಂಗ್ಸ್ಟ್ ಅವರ್ ವೆಪನ್ಸ್' (2022), ಹತ್ತನೆಯದು ಸ್ಕಾಟ್ಲೆಂಡಿನ ಅಬರ್ಡೀನ್ ಕಡೆ ನಡೆಯುವ 'ಸ್ಟೋನ್ ಅಂಡ್ ಸ್ಕೈ' (2025). ಎರಡು, ಮೂರು, ಐದನ್ನು ಹಾರಿಸಿ ಬಂದವರು ಎಂಟಕ್ಕೆ ಹೋಗುವ ಮುಂಚೆ ಐದಕ್ಕೆ ವಾಪಸ್ ಹೋಗಿ. ಬೆವರ್ಲಿ ಮತ್ತು ಪೀಟರ್ ಜೊತೆಯಾದದ್ದು ಹೇಗೆ ಅಂತ ಅದರಲ್ಲಿದೆ, ಮುಂದಿನ ಪುಸ್ತಕಗಳಿಗೆ ಅದು ಬೇಕಾಗುತ್ತದೆ.